ಉರುಮೆಗೆ ಯಾವ ಬಾಕ್ಸ್?

ಸೀಲ್ಡ್ ಬಾಕ್ಸ್ ರಸಿಕರಿಗೆ, ಪೋರ್ಟೆಡ್ ಬಾಕ್ಸ್ ಡಿಜೆಗಳಿಗೆ ಅನ್ನೋ ಮಾತು ಸಬ್‌ವೂಫರ್ ಕೊಳ್ಳೋಕೆ ಹೊರಟವರ ಕಿವಿಗೆ ಬಿದ್ದೇ ಇರುತ್ತೆ. ನನಗಿದು ಅರ್ಧ ವಿಮರ್ಶೆ, ಅರ್ಧ ಜಂಬ ಅನ್ನಿಸುತ್ತೆ.

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಉರುಮೆಯನ್ನೇ ತಗೊಳ್ಳಿ. ಮ್ಯಾಸನಾಯಕರ ದೇವರ ಮುಂದೆ ನುಡಿಯೋ ಈ ವಾದ್ಯದಲ್ಲಿ ಬಡಿತವೂ ಇದೆ, ಕಡ್ಡಿ ಉಜ್ಜಿದಾಗ ಹೊರಡೋ ಗುಂಯ್ ಅನ್ನೋ ಎಳೆತವೂ ಇದೆ. ಸೀಲ್ಡ್‌ನಲ್ಲಿ ಒಳಗಿನ ಗಾಳಿ ಸ್ಪ್ರಿಂಗಿನ ಹಾಗೆ ಕೋನನ್ನು ಹಿಡಿದಿಡುತ್ತೆ; ಬಡಿತ ಚುರುಕಾಗಿ ಬಂದು ಚುರುಕಾಗಿ ನಿಲ್ಲುತ್ತೆ. ಪೋರ್ಟೆಡ್‌ನಲ್ಲಿ ಕೊಳವೆಯೊಳಗಿನ ಗಾಳಿಯೂ ದನಿಗೂಡಿಸುತ್ತೆ: ಟ್ಯೂನ್ ಮಾಡಿದ ಸ್ವರದ ಹತ್ತಿರ ಅಷ್ಟೇ ವಾಟ್ಸಿಗೆ ಹೆಚ್ಚು ಸದ್ದು. ಅದರ ಕೆಳಗೆ ಮಾತ್ರ ಆಕ್ಟೇವಿಗೆ 24 ಡೆಸಿಬೆಲ್ ಕುಸಿತ, ಕೋನಿಗೆ ಕಡಿವಾಣವೂ ಇಲ್ಲ. ಸೀಲ್ಡ್‌ನ ಕುಸಿತ 12.

ಹಾಗಂತ ಸೀಲ್ಡೇ ಶ್ರೇಷ್ಠವಾ? ನಾಯಕನಹಟ್ಟಿ ತೇರಿನ ಬಯಲಿಗೆ ತಂದಿಡಿ, ಸೊರಗಿಹೋಗುತ್ತೆ. ತಳದ ಸ್ವರಕ್ಕೆ ಒತ್ತಾಸೆಯಾಗೋ ನಾಲ್ಕು ಗೋಡೆ ಅಲ್ಲಿಲ್ಲ. ಪೋರ್ಟೇ ಬೇಕು. ಅದನ್ನೇ ಬೆಂಗಳೂರಿನ ಹತ್ತಡಿ ಕೋಣೆಗೆ ತಂದರೆ ಗೋಡೆಗಳು ತಳವನ್ನು ಇನ್ನಷ್ಟು ಉಬ್ಬಿಸಿ, ಬಡಿತ ಎಳೆತ ಎರಡೂ ಕಲಸಿಹೋಗುತ್ತವೆ. ಅಲ್ಲಿ ಸೀಲ್ಡೇ ಸರಿ. ಜಾಗವೂ ಕಮ್ಮಿ ಸಾಕು.

ನನ್ನ ತಕರಾರು ಯಾವ ಬಾಕ್ಸಿನ ಮೇಲೂ ಅಲ್ಲ. ತಪ್ಪು ಜಾಗದಲ್ಲಿ ಕೂತ ಬಾಕ್ಸು ಉರುಮೆಯನ್ನು ಬರೀ ಗದ್ದಲ ಮಾಡುತ್ತೆ; ಕೇಳಿದವರು ಬೈಯೋದು ವಾದ್ಯವನ್ನ. ಅದಕ್ಕೇ, ಅಂಗಡಿಯವರ ಡೆಮೊ ಹಾಡು ಬಿಟ್ಟು ನಿಮ್ಮೂರಿನ ಒಂದು ರೆಕಾರ್ಡಿಂಗ್ ಹಾಕಿಸಿ, ಆದರೆ ನಿಮ್ಮ ಕೋಣೆಯಲ್ಲೇ. ಬಡಿತ ಬೇರೆ, ಎಳೆತ ಬೇರೆ ಅಂತ ಕೇಳಿಸಿದರೆ ದುಡ್ಡು ಕೊಡಿ.