ಹೊಸಹೊಳಲಿನ ಗೋಡೆ ಕಲಿಸುವ ಪಾಠ

ಕೆ.ಆರ್.ಪೇಟೆ ಬಳಿಯ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯ 13ನೇ ಶತಮಾನದ್ದು. ಅದರ ಹೊರಗೋಡೆಯ ಪಟ್ಟಿಕೆಯಲ್ಲಿ ರಾಮಾಯಣದ ಕತೆ ಪ್ರದಕ್ಷಿಣೆಯ ದಿಕ್ಕಿನಲ್ಲೇ ಸಾಗುತ್ತದೆ. ಗೋಡೆ ಬಲಕ್ಕಿರುವುದರಿಂದ ಚಿತ್ರಗಳನ್ನು ಉರ್ದುವಿನಂತೆ ಬಲದಿಂದ ಎಡಕ್ಕೆ ಓದಬೇಕು! ಹೊಯ್ಸಳ ಶಿಲ್ಪಿಗಳ ಕುಸುರಿಯನ್ನು ಎಲ್ಲರೂ ಹೊಗಳುತ್ತಾರೆ. ಅಕ್ಷರ ಬಾರದವರಿಗೂ ಕತೆ ದಾಟಿಸಿದ ಜಾಣ್ಮೆಯನ್ನು ಮರೆಯುತ್ತಾರೆ.

ಚಿತ್ರ ತೋರಿಸಿ, 'ಮುಂದೇನಾಯಿತು?' ಎಂದು ಮಗುವನ್ನು ಕೇಳಲು ತಾಯಿಗೆ ಅಕ್ಷರ ಬೇಕಿಲ್ಲ. ಓದಿನ ಬೀಜ ಇರುವುದೇ ಆ ಪ್ರಶ್ನೆಯಲ್ಲಿ. 2021ರಲ್ಲಿ ಆರಂಭವಾದ ನಿಪುಣ್ ಭಾರತ್ ಯೋಜನೆ, ಮೂರನೇ ತರಗತಿ ಮುಗಿಯುವಷ್ಟರಲ್ಲಿ ಮಗು ಅರ್ಥ ತಿಳಿದು ಓದಬೇಕೆನ್ನುತ್ತದೆ. ಗುರಿ ಒಳ್ಳೆಯದೇ. ಆದರೆ ಪೋಷಕರಿಂದ ನಾವು ಬಯಸುವುದು ಡೈರಿಗೊಂದು ಸಹಿ, ಟ್ಯೂಷನ್ನಿಗೆ ಒಂದಿಷ್ಟು ಹಣ. ಸಹಿ ಬಾರದ ತಾಯಿ, ಮನೆಯಲ್ಲಿ ಉರ್ದುವನ್ನೇ ಆಡುವ ತಾಯಿ, ತನಗೇನೂ ತಿಳಿಯದೆಂದು ಹಿಂದೆ ಸರಿಯುತ್ತಾಳೆ. ಅವಳ ಮಾತೇ ಮಗುವಿನ ಮೊದಲ ಪಾಠ. ಇದನ್ನು ಅವಳಿಗೆ ಹೇಳಿಕೊಡದ ಪೋಷಕರ ಸಭೆ ಯಾತಕ್ಕೆ?