ಮುಳ್ಳಿಲ್ಲದ ಕಳ್ಳಿಗೆ ಕೆಜಿಎಫ್ ಬಿಸಿಲು

ಕೆಜಿಎಫ್, ಬಂಗಾರಪೇಟೆ ಕಡೆಯವರು ಯಾವ ಕಳ್ಳಿ ಬೆಳೆಸೋಣ ಎಂದು ಕೇಳಿದರೆ ನಾನು ಮೊದಲು ಹೇಳುವ ಹೆಸರು ಆಸ್ಟ್ರೋಫೈಟಮ್ ಆಸ್ಟೀರಿಯಸ್. ಮೇಲಿನಿಂದ ಅದುಮಿದ ಪುಟ್ಟ ಕುಂಬಳಕಾಯಿಯಂಥ ಗಿಡ. ಮೈಮೇಲೆ ಒಂದು ಮುಳ್ಳೂ ಇಲ್ಲ. ಸಾಮಾನ್ಯವಾಗಿ ಎಂಟು ಏಣು, ಪ್ರತಿ ಏಣಿನ ನಡುವೆ ಸಾಲಾಗಿ ಉಣ್ಣೆಯ ಗುಂಡಿಗಳು, ಉಳಿದ ಕಡೆಯೆಲ್ಲ ಬಿಳಿ ಚುಕ್ಕಿ. ಎಷ್ಟೋ ವರ್ಷ ಬಾಳಿದ ಗಿಡವೂ ಅಂಗೈ ಮೀರಿ ಬೆಳೆಯುವುದು ಅಪರೂಪ. ಬೇಸಿಗೆ ಕಾಲಿಟ್ಟ ಮೇಲೆ ನೆತ್ತಿಯಲ್ಲಿ ಹಳದಿ ಹೂ ಬರುತ್ತದೆ, ಒಳಗಂಟಲು ಕೆಂಪು. ಎಳೆಯದಾದರೆ ಹೂವಿನಡಿ ಗಿಡ ಕಾಣಿಸುವುದೇ ಇಲ್ಲ.

ಇದರ ತವರು ಟೆಕ್ಸಾಸ್‌ನ ದಕ್ಷಿಣ ತುದಿ ಮತ್ತು ಅದಕ್ಕೆ ತಾಗಿದ ಮೆಕ್ಸಿಕೊದ ಈಶಾನ್ಯ ಭಾಗ. 1845ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಜುಕ್ಕಾರಿನಿ ಇದಕ್ಕೆ ಹೆಸರಿಟ್ಟು ವಿವರಿಸಿದರು. ತವರಿನಲ್ಲಿ ಇದು ಬಟ್ಟಬಯಲಲ್ಲಿ ಬೆಳೆಯುವುದಿಲ್ಲ, ಮುಳ್ಳುಪೊದೆಗಳ ಬುಡ ಹಿಡಿದು ಕೂತಿರುತ್ತದೆ. ಮಳೆ ಕೈಕೊಟ್ಟರೆ ಕುಗ್ಗಿ ಮಣ್ಣಿನ ಮಟ್ಟಕ್ಕೆ ಇಳಿದುಬಿಡುತ್ತದೆ. ಆ ಪೊದೆಗಳಲ್ಲಿ ಒಂದಾದ ಮೆಸ್ಕೀಟ್, ಕೋಲಾರ ಜಿಲ್ಲೆಯ ಕೆರೆಯಂಗಳಗಳನ್ನು ನುಂಗಿ ಕೂತ ಬಳ್ಳಾರಿ ಜಾಲಿಯ ಹತ್ತಿರದ ನೆಂಟ. ಹೀಗೆ ಪೊದೆಯ ನೆರಳಿಗೆ ಒಗ್ಗಿದ ಗಿಡವನ್ನು, ಕಳ್ಳಿಯಲ್ಲವೇ, ಎಂಥ ಬಿಸಿಲನ್ನೂ ತಾಳುತ್ತದೆ ಎಂದು ಏಪ್ರಿಲ್ ತಿಂಗಳಲ್ಲಿ ತಾರಸಿಯ ಮೇಲಿಟ್ಟರೆ ಮೈ ಸುಟ್ಟು ಕಂದು ಕಲೆ ಬೀಳುತ್ತದೆ. ಆ ಕಲೆ ಮತ್ತೆ ಹೋಗುವುದಿಲ್ಲ. ಹಸಿರು ನೆಟ್ ಕಟ್ಟಿ. ಬೆಳಗಿನ ಎಳೆಬಿಸಿಲು ಎಷ್ಟು ಬಿದ್ದರೂ ಒಳ್ಳೆಯದೇ.

ಇನ್ನು ಮಣ್ಣು. ಕೆಜಿಎಫ್‌ನಲ್ಲಿ ಎತ್ತ ನೋಡಿದರೂ ಸೈನೈಡ್ ದಿಬ್ಬಗಳು. ಮರಳಿನಂತೆ ಕಾಣುವ ಆ ಮಣ್ಣನ್ನು ಕುಂಡಕ್ಕೆ ತುಂಬುವ ಆಸೆ ಬರುವುದು ಸಹಜ. ದಯವಿಟ್ಟು ಬೇಡ. ಚಿನ್ನಕ್ಕಾಗಿ ಬಂಡೆಯನ್ನು ನುಣ್ಣಗೆ ಅರೆದು, ಸೈನೈಡ್ ದ್ರಾವಣ ಹಾಯಿಸಿ, ಉಳಿದದ್ದನ್ನು ಸುರಿದ ರಾಶಿಯದು. 2001ರಲ್ಲಿ ಗಣಿ ಮುಚ್ಚಿತು, ರಾಶಿ ಉಳಿಯಿತು. ಅದರಲ್ಲಿರುವ ರಾಸಾಯನಿಕದ ಮಾತು ಒಂದು ಕಡೆಗಿರಲಿ, ಅಷ್ಟು ನುಣುಪಾದ ಪುಡಿ ಒದ್ದೆಯಾದರೆ ಗಟ್ಟಿ ಕಟ್ಟಿ ಬೇರಿಗೆ ಗಾಳಿಯೇ ಸಿಗುವುದಿಲ್ಲ. ನಮ್ಮ ಸುತ್ತಲಿನ ಕ್ರಷರ್‌ಗಳಲ್ಲಿ ಬೇಬಿ ಜಲ್ಲಿಗಿಂತ ಸಣ್ಣ ನುರುಕು ಸಿಗುತ್ತದಲ್ಲ, ಅದನ್ನು ಜರಡಿ ಹಿಡಿದು ಪುಡಿ ತೆಗೆದು, ತೊಳೆದು ಮುಕ್ಕಾಲು ಪಾಲು ಹಾಕಿ. ಉಳಿದ ಕಾಲು ಪಾಲಿಗೆ ಚೆನ್ನಾಗಿ ಕಳಿತ ಎಲೆಗೊಬ್ಬರ ಸಾಕು. ಬೇಸಿಗೆ ಗಾಳಿಗೆ ದಿಬ್ಬದ ಧೂಳು ಗಿಡದ ಮೇಲೆ ಕೂರುತ್ತದೆ, ಮೆತ್ತನೆಯ ಕುಂಚದಿಂದ ಗುಡಿಸಿ.

ನೀರಿನ ವಿಚಾರಕ್ಕೆ ಬಂದರೆ, ನಮ್ಮ ಬೋರ್ ನೀರು ಗಡಸು. ಹನಿ ಒಣಗಿದ ಕಡೆ ಬಿಳಿ ಸುಣ್ಣ ನಿಲ್ಲುತ್ತದೆ, ಹೊಸಬರು ಅದನ್ನೂ ಚುಕ್ಕಿಯೆಂದೇ ತಿಳಿಯುತ್ತಾರೆ. ಭೂತಗನ್ನಡಿ ಹಿಡಿದು ನೋಡಿ: ನಿಜವಾದ ಚುಕ್ಕಿ ಎಂದರೆ ಸಣ್ಣ ಕೂದಲ ಕುಚ್ಚು, ಎಳೆ ಎಳೆಯಾಗಿ ಕಾಣುತ್ತದೆ. ಸುಣ್ಣವಾದರೆ ಬರೀ ಹಕ್ಕಳೆ. ಮಳೆನೀರು ಹಿಡಿದಿಟ್ಟು ಬುಡಕ್ಕಷ್ಟೇ ಹಾಕಿದರೆ ಈ ಗೊಂದಲವೇ ಇಲ್ಲ.

ಈ ಗಿಡ ನಮ್ಮಲ್ಲಿ ಸಾಯುವುದು ಹೆಚ್ಚಾಗಿ ಬೇಸಿಗೆಯಲ್ಲಲ್ಲ, ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಕೋಲಾರದ ಜೋರು ಮಳೆ ಬರುವುದು ಆಗಲೇ. ಮೋಡ ಕವಿದು ದಿನಗಟ್ಟಲೆ ಕುಂಡ ಆರದಿದ್ದರೆ ಬುಡ ಕೊಳೆಯುತ್ತದೆ, ಮೇಲೆ ಗಿಡ ಚೆನ್ನಾಗಿಯೇ ಕಾಣುತ್ತಿರುತ್ತದೆ. ಆ ಎರಡು ತಿಂಗಳು ಸೂರಿನಡಿ ಇಡಿ. ಡಿಸೆಂಬರ್‌ನಿಂದ ಫೆಬ್ರವರಿ ನಡುವಿನವರೆಗೆ ನೀರು ಹೆಚ್ಚುಕಡಿಮೆ ನಿಲ್ಲಿಸಿಬಿಡಿ. ಗಿಡ ಸ್ವಲ್ಪ ಸೊರಗಿದರೆ ಗಾಬರಿ ಬೇಡ, ಬೇಸಿಗೆಯ ಮೊಗ್ಗಿಗೆ ಆ ಉಪವಾಸ ಬೇಕು.

ಕೊಳ್ಳುವಾಗ ಸ್ವಂತ ಬೇರಿನ, ಬೀಜದಿಂದ ಬೆಳೆದ ಗಿಡವನ್ನೇ ಕೇಳಿ. ಕಸಿ ಕಟ್ಟಿದ್ದು ಬೇಗ ಊದಿಕೊಳ್ಳುತ್ತದೆ, ಆದರೆ ಆ ಚಪ್ಪಟೆ ಚೆಲುವು ಕೆಡುತ್ತದೆ. ಮೈಯೆಲ್ಲ ಬಿಳಿ ಮೆತ್ತಿಕೊಂಡ ಜಪಾನಿನ ‘ಸೂಪರ್ ಕಬುಟೊ’ ತಳಿಗೆ ದುಡ್ಡು ಸುರಿಯುವವರಿದ್ದಾರೆ. ಹಸಿರಿನ ಮೇಲೆ ಚುಕ್ಕಿ ಬಿಡಿಬಿಡಿಯಾಗಿ ನಿಂತ ಸಾದಾ ಗಿಡವೇ ನನ್ನ ಕಣ್ಣಿಗೆ ಹೆಚ್ಚು ಚೆಂದ. ಕಾಡಿನಿಂದ ಕಿತ್ತು ತಂದದ್ದನ್ನಂತೂ ಮುಟ್ಟಲೇಬಾರದು. ಹಾಗೆ ಕಿತ್ತೂ ಕಿತ್ತೂ ತವರಿನಲ್ಲಿ ಅದು ವಿರಳವಾಯಿತು. ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ, ಅಂದರೆ ಅತಿ ಬಿಗಿಯಾದ ಪಟ್ಟಿಯಲ್ಲಿ 1987ರಿಂದ ಇದೆ.

ಬೀಜ ಮಾಡುವುದು ಕಷ್ಟವಲ್ಲ, ಆದರೆ ಒಂದೇ ಗಿಡದ ಪರಾಗ ಅದಕ್ಕೇ ಕೂಡಿಬರುವುದಿಲ್ಲ. ಎರಡು ಗಿಡ ಒಟ್ಟಿಗೆ ಅರಳಬೇಕು. ಮಧ್ಯಾಹ್ನ ಹೂ ಪೂರ್ತಿ ತೆರೆದಾಗ ಒಣ ಕುಂಚದಿಂದ ಒಂದರ ಪರಾಗವನ್ನು ಇನ್ನೊಂದರ ಶಲಾಕೆಯ ತುದಿಗೆ ಸವರಿ. ಕಾಯಿ ಬಲಿತು ಬಿರಿದಾಗ ಹೊಳೆಯುವ ಕಡುಕಂದು ಬೀಜ ಸಿಗುತ್ತದೆ. ಹಳತಾದರೆ ಮೊಳೆಯುವುದು ಕಡಿಮೆ, ತಾಜಾ ಇರುವಾಗಲೇ ಬಿತ್ತಿ, ಮೇಲೆ ಪ್ಲಾಸ್ಟಿಕ್ ಕವರ್ ಮುಚ್ಚಿ ನೆರಳಲ್ಲಿಡಿ. ಸೆಕೆಗಾಲದಲ್ಲಿ ಕೆಲವೇ ದಿನಕ್ಕೆ ಮೊಳಕೆ ಕಾಣುತ್ತದೆ. ಹೂವಿಗೆ ಮಾತ್ರ ಮೂರು ನಾಲ್ಕು ವರ್ಷ ಕಾಯಬೇಕು.

ಮನೆಯಲ್ಲಿ ಇರುವುದು ಒಂದೇ ಗಿಡವಾದರೆ ಗೆಳೆಯರನ್ನು ಹುಡುಕಿಕೊಳ್ಳಿ. ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು ಹೂ, ಬಂಗಾರಪೇಟೆಯಲ್ಲಿ ಒಂದು ಹೂ ಒಂದೇ ದಿನ ಬಿರಿದರೆ, ಪುಟ್ಟ ಡಬ್ಬಿಯಲ್ಲಿ ಕುಂಚ ಇಟ್ಟುಕೊಂಡು ಬೈಕ್ ಹತ್ತಿ. ಸಂಜೆ ಹೂ ಮುಚ್ಚುವುದರೊಳಗೆ ತಲುಪುತ್ತೀರಿ.