ಆರೋಗ್ಯದ ಹೊತ್ತಗೆಯೂ ಮಗ್ಗದ ಮನೆಯೂ

ಸಾಧನೆ ಯಾವುದೇ ಇರಲಿ, ಅದಕ್ಕೆ ಮೊದಲು ಬೇಕಾದುದು ದೃಢವಾದ ಶರೀರ ಮತ್ತು ಶಾಂತವಾದ ಮನಸ್ಸು ಎಂಬುದರಲ್ಲಿ ಭಿನ್ನಾಭಿಪ್ರಾಯವಿರಲಾರದು. ಅಂತೆಯೇ ದೇಹವನ್ನು ಕಾಪಾಡಿಕೊಳ್ಳುವ, ಮನಸ್ಸಿನ ಒತ್ತಡವನ್ನು ಕಳೆದುಕೊಳ್ಳುವ, ಹೊತ್ತನ್ನು ಹಾಳುಮಾಡದೆ ಬಳಸುವ ಬಗೆಯನ್ನು ಬೋಧಿಸುವ ಪುಸ್ತಕಗಳಿಗೆ ಕನ್ನಡದಲ್ಲಿ ಕೊರತೆಯಿಲ್ಲ. ಕಾವ್ಯಕ್ಕೆ ವಿಮರ್ಶಕರಿದ್ದಾರೆ, ಕಾದಂಬರಿಗೆ ವಿಮರ್ಶಕರಿದ್ದಾರೆ. ಆದರೆ ಕಾದಂಬರಿಯನ್ನು ಮುಟ್ಟದ ಮನೆಗಳಿಗೂ ಹೋಗಿ ಸೇರುವ ಈ ಆರೋಗ್ಯ ಸಾಹಿತ್ಯವನ್ನು ಮಾತ್ರ ಯಾರೂ ವಿಮರ್ಶೆಗೆ ತಕ್ಕುದೆಂದು ಭಾವಿಸಿದಂತಿಲ್ಲ. ಅದು ಹೇಳುವ ಮಾತು ಸರಿಯೇ ತಪ್ಪೇ ಎಂಬುದನ್ನು ವೈದ್ಯರು ಹೇಳಬಲ್ಲರು. ಅದು ಯಾರನ್ನು ತನ್ನ ಓದುಗನೆಂದು ಬಗೆದಿದೆ ಎಂಬ ಪ್ರಶ್ನೆಯನ್ನು ಕೇಳಬೇಕಾದವನು ವಿಮರ್ಶಕನೇ. ಆ ಒಂದು ಪ್ರಶ್ನೆಯನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಪ್ರಶ್ನೆ ಹುಟ್ಟಿದ್ದು ಗ್ರಂಥಾಲಯದಲ್ಲಲ್ಲ, ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ. ಈ ಊರು ವಿದ್ಯುತ್ ಮಗ್ಗಗಳ ಊರು. ಇಲ್ಲಿ ಎಷ್ಟೋ ಮನೆಗಳಲ್ಲಿ ಮುಂದಿನ ಅಂಕಣದಲ್ಲಿ ಮಗ್ಗ, ಹಿಂದಿನ ಅಂಕಣದಲ್ಲಿ ಸಂಸಾರ. ಲಾಳಿಯ ಬಡಿತದ ನಡುವೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಬೇಕಾದರೆ ಕೂಗಿಯೇ ಆಡಬೇಕು. ಮಗ್ಗದ ಮುಂದೆ ನಿಂತವನಿಗೆ ಕೂಲಿ ಬರುವುದು ನೇಯ್ದ ಸೀರೆಯ ಲೆಕ್ಕದಲ್ಲಿ, ನಿಂತ ಗಂಟೆಯ ಲೆಕ್ಕದಲ್ಲಲ್ಲ. ವಿದ್ಯುತ್ ಹೋದರೆ ದುಡಿಮೆ ನಿಂತಿತು. ನಡುರಾತ್ರಿ ಬಂದರೆ ನಡುರಾತ್ರಿಯೇ ಎದ್ದು ಮಗ್ಗ ಹೂಡಬೇಕು. ಮನೆಯ ಹೆಣ್ಣುಮಗಳು ಒಲೆಯ ಮುಂದಿನಿಂದ ಎದ್ದು ಕಂಡಿಕೆ ಸುತ್ತಲು ಕೂರುತ್ತಾಳೆ. ಕಂಡಿಕೆಯಿಂದ ಎದ್ದು ಮತ್ತೆ ಒಲೆಯ ಮುಂದೆ ಕೂರುತ್ತಾಳೆ. ಇಂಥ ಮನೆಯ ಗೂಡಿನಲ್ಲಿ ಒಂದು ಆರೋಗ್ಯದ ಹೊತ್ತಗೆ ಇದೆಯೆಂದು ಭಾವಿಸೋಣ. ಸೂರ್ಯೋದಯಕ್ಕೆ ಮುನ್ನ ಏಳಬೇಕು, ಪ್ರಶಾಂತವಾದ, ಗಾಳಿಯಾಡುವ ಕೊಠಡಿಯಲ್ಲಿ ಆಸನ ಹಾಕಬೇಕು, ಹಿಂದಿನ ರಾತ್ರಿಯೇ ಮರುದಿನದ ಕೆಲಸಗಳ ಪಟ್ಟಿ ಮಾಡಿಕೊಳ್ಳಬೇಕು ಎಂದು ಅದು ಬೋಧಿಸುತ್ತದೆ. ಮಾತಿನಲ್ಲಿ ದೋಷವಿಲ್ಲ. ಆದರೆ ಯಾವ ಕೊಠಡಿ? ಯಾರ ಬೆಳಗು?

ಈ ಸಾಹಿತ್ಯದ ಹಿರಿಯ ಕೃತಿಗಳನ್ನು ಮೊದಲು ನೋಡೋಣ. ತಿರುಮಲೈ ಕೃಷ್ಣಮಾಚಾರ್ಯರ 'ಯೋಗ ಮಕರಂದ' 1934ರಲ್ಲಿ ಕನ್ನಡದಲ್ಲಿಯೇ ಪ್ರಕಟವಾಯಿತು. ಅವರ ಶಿಷ್ಯರು ಇಂದು ಜಗತ್ತಿನೆಲ್ಲೆಡೆ ಹರಡಿಸಿರುವ ಯೋಗಪದ್ಧತಿಯ ಒಂದು ಮೂಲಗ್ರಂಥ ನಮ್ಮ ಭಾಷೆಯಲ್ಲಿ ಹುಟ್ಟಿತೆಂಬುದು ಅಭಿಮಾನದ ಸಂಗತಿ. ಆಸನವೊಂದನ್ನು ವಿನ್ಯಾಸಗಳಾಗಿ ಬಿಡಿಸಿ, ಉಸಿರಿನೊಡನೆ ಕೂಡಿಸಿ, ಎಣಿಕೆಯ ಕ್ರಮದಲ್ಲಿ ಹೇಳುವ ಅದರ ಶಿಸ್ತು ಮೆಚ್ಚತಕ್ಕದ್ದು. ಆದರೆ ಗ್ರಂಥದ ಹಿನ್ನೆಲೆಯನ್ನು ಮರೆಯಲಾಗದು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯ ವಾತಾವರಣದಲ್ಲಿ ಬೆಳೆದ ವಿದ್ಯೆ ಅದು. ಗುರು ಎದುರಿಗಿದ್ದಾನೆ, ಶಿಷ್ಯನಿಗೆ ಬಿಡುವಿದೆ ಎಂಬುದು ಅಲ್ಲಿ ಹೇಳಬೇಕಾಗಿಯೇ ಇಲ್ಲದ ಸಂಗತಿ.

ಆ ಶಾಲೆಯಲ್ಲಿ ಕಲಿತವರಲ್ಲಿ ಒಬ್ಬರು ಹೊಸಕೋಟೆಯನ್ನು ದಾಟಿ ಕೋಲಾರದ ದಾರಿ ಹಿಡಿದರೆ ಸಿಗುವ ನರಸಾಪುರದ ಬಳಿಯ ಬೆಳ್ಳೂರಿನವರು. 1918ರಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರ್ಯರು ಬಾಲ್ಯದಲ್ಲಿ ಕ್ಷಯವೇ ಮೊದಲಾದ ರೋಗಗಳಿಂದ ಬಳಲಿ, ಯೋಗಾಭ್ಯಾಸದಿಂದ ದೇಹವನ್ನು ಕಟ್ಟಿಕೊಂಡವರು. 1966ರಲ್ಲಿ ಹೊರಬಂದ ಅವರ 'ಲೈಟ್ ಆನ್ ಯೋಗ' ಗ್ರಂಥದ ಕೊನೆಯಲ್ಲಿ ಮುನ್ನೂರು ವಾರಗಳ ಅಭ್ಯಾಸಕ್ರಮವೊಂದಿದೆ. ಐದು ವರ್ಷಕ್ಕೂ ಮಿಕ್ಕ ಈ ಕ್ರಮ ರೋಗವನ್ನು ಗೆದ್ದ ಮನುಷ್ಯನೊಬ್ಬನ ಶ್ರದ್ಧೆಯ ಕುರುಹು. ಅದರ ಮುಂದೆ ತಲೆಬಾಗಬೇಕು. ಆದರೂ ಮುನ್ನೂರು ವಾರ ತನ್ನ ಹೊತ್ತು ತನ್ನ ಕೈಯಲ್ಲಿಯೇ ಇರುತ್ತದೆಂದು ಹೇಳಬಲ್ಲವರು ನಮ್ಮ ನಡುವೆ ಎಷ್ಟು ಮಂದಿ?

ಗಾಂಧೀಜಿಯವರ ಮಾತು ಬೇರೆ. ದೊಡ್ಡಬಳ್ಳಾಪುರ ಮತ್ತು ದೇವನಹಳ್ಳಿಯ ಬಯಲಿನಿಂದ ಕಾಣುವ ನಂದಿಬೆಟ್ಟಕ್ಕೆ ಅವರು 1927ರ ಏಪ್ರಿಲ್‌ನಲ್ಲಿ ಬಂದದ್ದು ವಿಹಾರಕ್ಕಲ್ಲ. ಬಿಡುವಿಲ್ಲದ ಖಾದಿ ಪ್ರವಾಸದ ನಡುವೆ ಮಾರ್ಚ್‌ನಲ್ಲಿ ರಕ್ತದೊತ್ತಡ ಏರಿ ಕುಸಿದಿದ್ದರು. ವಿಶ್ರಾಂತಿ ಬೇಕೇ ಬೇಕೆಂದು ವೈದ್ಯರು ವಿಧಿಸಿದ್ದರು. ಬೆಟ್ಟದ ಮೇಲೆ ವಾರಗಳ ಕಾಲ ಇದ್ದು, ಬಳಿಕ ಬೆಂಗಳೂರಿನಲ್ಲಿಯೂ ತಂಗಿ ಚೇತರಿಸಿಕೊಂಡರು. 1936ರ ಬೇಸಗೆಯಲ್ಲಿ ಮತ್ತೊಮ್ಮೆ ಅದೇ ಬೆಟ್ಟಕ್ಕೆ ಬಂದರು. ನಿಮಿಷವನ್ನೂ ಲೆಕ್ಕವಿಟ್ಟು ಬಳಸುತ್ತಿದ್ದ, ಆಹಾರ ವಿಹಾರಗಳಲ್ಲಿ ಕಠಿಣ ನಿಯಮ ಪಾಲಿಸುತ್ತಿದ್ದ ಆ ಮಹಾಪುರುಷನ ದೇಹವೂ ಅತಿಯಾದ ದುಡಿಮೆಗೆ ಸೋತಿತೆಂಬುದನ್ನು ನಾವು ನೆನಪಿಡಬೇಕು. ಶಿಸ್ತು ಎಷ್ಟೇ ಇದ್ದರೂ ವಿಶ್ರಾಂತಿಗೆ ಬದಲಿಯಿಲ್ಲ. ಮುಂದೆ 1942ರಲ್ಲಿ ಆಗಾಖಾನ್ ಅರಮನೆಯ ಸೆರೆಯಲ್ಲಿ ಅವರು ಬರೆದ ಆರೋಗ್ಯದ ಕಿರುಹೊತ್ತಗೆ ಗಾಳಿ, ನೀರು, ಆಹಾರ, ಮಣ್ಣು, ಬಿಸಿಲುಗಳನ್ನು ಕುರಿತು ಹೇಳುತ್ತದೆ. ಬಡವನಿಗೂ ಎಟುಕುವ ಚಿಕಿತ್ಸೆಯನ್ನು ಅದು ಅರಸಿತೆಂಬುದೇ ಅದರ ಹಿರಿಮೆ. ಕಾಸಿನ ಬಡತನವನ್ನು ಅದು ಬಲ್ಲದು. ಆದರೆ ಹೊತ್ತಿನ ಬಡತನ ಎಂಬುದೊಂದಿದೆ. ದುಡಿಮೆಯ ಗಂಟೆಗಳಿಗೆಂದು ಅದರಲ್ಲಿ ಪ್ರತ್ಯೇಕ ಅಧ್ಯಾಯವಿಲ್ಲ.

ಓದುಗನ ಮನೆಯನ್ನು ಅರಿತು ಬರೆದವರೂ, ಓದುಗನಿದ್ದಲ್ಲಿಗೇ ಹೋದವರೂ ನಮ್ಮಲ್ಲಿ ಇಲ್ಲದಿಲ್ಲ. ಕಾಸರಗೋಡಿನ ಬಂಬ್ರಾಣದಲ್ಲಿ ಹುಟ್ಟಿ, ಚಿತ್ರದುರ್ಗ ಜಿಲ್ಲೆಯ ಮಲ್ಲಾಡಿಹಳ್ಳಿಯಲ್ಲಿ ಅನಾಥಸೇವಾಶ್ರಮ ಕಟ್ಟಿದ ರಾಘವೇಂದ್ರ ಸ್ವಾಮೀಜಿಯವರು ಯೋಗವನ್ನು ಅರಮನೆಯ ಅಂಗಳದಿಂದ ಹಳ್ಳಿಯ ಅಂಗಳಕ್ಕೆ ತಂದರು. ಊರೂರು ತಿರುಗಿ, ಜೋಳಿಗೆ ಹಿಡಿದು, 'ತಿರುಕ'ನೆಂಬ ಹೆಸರನ್ನೇ ಕಾವ್ಯನಾಮವಾಗಿಸಿಕೊಂಡ ಅವರ ಬೋಧೆಗೆ ಜನರ ಬದುಕಿನ ವಾಸನೆ ಇತ್ತು. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನರು 'ತಾಯಿ-ಮಗು', 'ಕೇಳು ಕಿಶೋರಿ' ಮೊದಲಾದ ಪುಸ್ತಕಗಳಲ್ಲಿ ಹೆಣ್ಣುಮಕ್ಕಳನ್ನು ನೇರವಾಗಿ ಮಾತನಾಡಿಸಿದರು. ಸಂಕೋಚದ ಪರದೆಯ ಹಿಂದಿದ್ದ ದೇಹವನ್ನು ಸರಳ ಕನ್ನಡದಲ್ಲಿ ವಿವರಿಸಿದರು. ಮನೋವೈದ್ಯ ಸಿ. ಆರ್. ಚಂದ್ರಶೇಖರ್ ಅವರ ಅನೇಕ ಕಿರುಪುಸ್ತಕಗಳು ಮನಸ್ಸಿನ ಕಾಯಿಲೆ ಶಾಪವಲ್ಲ, ಚಿಕಿತ್ಸೆಗೆ ಒಳಪಡುವ ರೋಗ ಎಂಬ ತಿಳಿವಳಿಕೆಯನ್ನು ಮನೆಮನೆಗೆ ಮುಟ್ಟಿಸಿದವು. ಅವರು ದುಡಿದ ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ಮನೋಚಿಕಿತ್ಸೆಯ ತರಬೇತಿ ಕೊಟ್ಟಿತು. 1996ರ ರಾಷ್ಟ್ರೀಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ರೋಗಿ ಬರಲಾರನಾದರೆ ಚಿಕಿತ್ಸೆಯೇ ಅವನ ಬಳಿಗೆ ಹೋಗಬೇಕು ಎಂಬುದು ಇದರಲ್ಲಿನ ತತ್ತ್ವ.

ಇವುಗಳ ಪಕ್ಕದಲ್ಲಿ ಇಂದು ಬಳಕೆಯಲ್ಲಿರುವ ಸಮಯಪಾಲನೆಯ ಪುಸ್ತಕಗಳನ್ನು ಇಟ್ಟು ನೋಡಿದಾಗ ನಿರಾಶೆಯಾಗುತ್ತದೆ. ಎಲ್ಲರಿಗೂ ದಿನಕ್ಕೆ ಇಪ್ಪತ್ತನಾಲ್ಕು ಗಂಟೆಗಳೇ ಎಂಬುದು ಇವುಗಳ ಮೂಲಸೂತ್ರ. ಗಡಿಯಾರದ ಮಟ್ಟಿಗೆ ಈ ಮಾತು ನಿಜ. ಬದುಕಿನ ಮಟ್ಟಿಗೆ ಸುಳ್ಳು. ಭಾರತ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ಕೂಲಿಯಿಲ್ಲದ ಆ ದುಡಿಮೆಗೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಗಂಡಸರು ಕೊಡುವುದು 88 ನಿಮಿಷ. ದಿನಕ್ಕೆ ಎಂಟು ಗಂಟೆ ಕಂಡಿಕೆ ಸುತ್ತುವ ಹೆಣ್ಣುಮಗಳ ಲೆಕ್ಕಕ್ಕೆ ಈ ಹೆಚ್ಚುಕಡಿಮೆ ಐದು ಗಂಟೆಗಳನ್ನು ಕೂಡಿಸಿದರೆ ಹದಿಮೂರು ಗಂಟೆಗಳಾದವು. ಏಳು ಗಂಟೆ ನಿದ್ದೆ ಕಳೆದರೆ ಉಳಿಯುವುದು ನಾಲ್ಕು. ಊಟ, ಸ್ನಾನ, ಸಂತೆ, ಮಗುವಿನ ಪಾಠ, ಅತ್ತೆಯ ಔಷಧ, ಎಲ್ಲವೂ ಆ ನಾಲ್ಕರೊಳಗೇ ಅಡಗಬೇಕು. ಇವಳಿಗೆ ಯಾವ ಪಟ್ಟಿಯನ್ನು ಬರೆದುಕೊಳ್ಳಲು ಹೇಳೋಣ?

ದುಡಿಮೆಯ ಅವಧಿಯ ಪ್ರಶ್ನೆ ಕೇವಲ ಕನಿಕರದ ಪ್ರಶ್ನೆಯಲ್ಲ, ವೈದ್ಯಶಾಸ್ತ್ರದ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ, ಪಾರ್ಶ್ವವಾಯುವಿನ ಅಪಾಯ ಶೇಕಡ 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇಕಡ 17ರಷ್ಟು ಹೆಚ್ಚು. ದಿನಕ್ಕೆ ಹತ್ತು ಗಂಟೆಯಂತೆ ಆರು ದಿನ ಮಗ್ಗದ ಮುಂದೆ ನಿಂತವನು ಈ ಗಡಿಯನ್ನು ದಾಟಿಯಾಯಿತು. 1948ರ ಕಾರ್ಖಾನೆ ಕಾಯಿದೆ ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕಿತ್ತು. 2023ರಲ್ಲಿ ಕರ್ನಾಟಕ ಶಾಸನಸಭೆ ಅದಕ್ಕೆ ತಿದ್ದುಪಡಿ ತಂದು, ವಾರದ ಮಿತಿಯನ್ನು ಉಳಿಸಿಕೊಂಡೇ, ದಿನಕ್ಕೆ ಹನ್ನೆರಡು ಗಂಟೆಯವರೆಗೆ ದುಡಿಸಲು ಅವಕಾಶ ಕಲ್ಪಿಸಿತು. ಮನೆಯೊಳಗಿನ ಮಗ್ಗಕ್ಕಂತೂ ಇಂಥ ಮಿತಿಯನ್ನು ಕಾಯುವವರೇ ಇಲ್ಲ. ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ರಾತ್ರಿಯೆಲ್ಲ ಬಾಡಿಗೆ ಹೊಡೆಯುವ ಟ್ಯಾಕ್ಸಿ ಚಾಲಕನಿಗೂ, ನೆಲಮಂಗಲದ ಕೂಡುರಸ್ತೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ ಚಹಾ ಕುಡಿಯುವ ಲಾರಿ ಚಾಲಕನಿಗೂ ಇದೇ ಮಾತು ಸಲ್ಲುತ್ತದೆ.

ಇದಕ್ಕೆ ಒಂದು ಆಕ್ಷೇಪವಿದೆ, ಅದು ಬಲವಾದುದೇ. ಹೊತ್ತಿಲ್ಲವೆನ್ನುವವನಿಗೆ ಬೀಡಿಗೆ ಹೊತ್ತಿದೆ, ಹೆಂಡದಂಗಡಿಗೆ ಹೊತ್ತಿದೆ, ಕೈಯಲ್ಲಿನ ಮೊಬೈಲ್ ನೋಡುತ್ತ ಕೂರಲು ಹೊತ್ತಿದೆ. ಇರುವ ಬಿಡುವನ್ನು ಸರಿಯಾಗಿ ಬಳಸು ಎಂದರೆ ತಪ್ಪೇನು? ತಪ್ಪಿಲ್ಲ. ವ್ಯಕ್ತಿಯ ಹೊಣೆ ಎಂಬುದು ಇದ್ದೇ ಇದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿರುವುದೂ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮವನ್ನು, ಎಂದರೆ ದಿನಕ್ಕೆ ಇಪ್ಪತ್ತು ಚಿಲ್ಲರೆ ನಿಮಿಷಗಳನ್ನು ಮಾತ್ರ. ಅದನ್ನು ಒಂದೇ ಉಸಿರಿಗೆ ಮುಗಿಸಬೇಕೆಂದೂ ಇಲ್ಲ. ಐದೈದು ನಿಮಿಷಗಳಾಗಿ ಹಂಚಿಕೊಂಡರೂ ಫಲವುಂಟು. ಆದರೆ ಬೀಡಿಯ ಹೊತ್ತನ್ನು ಎಣಿಸುವ ಪುಸ್ತಕ ಮಗ್ಗದ ಹೊತ್ತನ್ನೂ ಎಣಿಸಬೇಡವೇ? ಅರ್ಧ ಲೆಕ್ಕ ಹೇಳಿದಾಗ ಆಗುವ ಹಾನಿಯೆಂದರೆ, ದಣಿದವನು ತನ್ನ ದಣಿವನ್ನೇ ತನ್ನ ಅಪರಾಧವೆಂದು ಬಗೆಯುತ್ತಾನೆ. ಸೊಂಟ ಹಿಡಿದುದಕ್ಕೆ, ನಿದ್ದೆ ಬಾರದುದಕ್ಕೆ, ಮಕ್ಕಳ ಮೇಲೆ ಸಿಡುಕಿದುದಕ್ಕೆ ತನ್ನ ಸೋಮಾರಿತನವೇ ಕಾರಣವೆಂದು ನಂಬಿ ಕುಗ್ಗುತ್ತಾನೆ. ಒತ್ತಡವನ್ನು ಕಳೆಯಲು ಹೊರಟ ಪುಸ್ತಕ ಹೊಸದೊಂದು ಒತ್ತಡವನ್ನು ಹೇರಿದಂತಾಯಿತು.

ಇದಕ್ಕಿಂತಲೂ ಗಂಭೀರವಾದ ಇನ್ನೊಂದು ಪ್ರಮಾದವಿದೆ. ಇಂಥ ಬೋಧೆಗಳಲ್ಲಿ 'ಕಾಯಕ' ಎಂಬ ನಮ್ಮ ಪವಿತ್ರ ಶಬ್ದವನ್ನು ಎಳೆದುತಂದು, ಬಿಡುವಿಲ್ಲದೆ ದುಡಿಯುವುದೇ ಶರಣರ ಉಪದೇಶವೆಂಬಂತೆ ಹೇಳುವುದುಂಟು. ಇದು ಅರ್ಧಸತ್ಯ. ಆಯ್ದಕ್ಕಿ ಮಾರಯ್ಯನ ಕಥೆ ನಮ್ಮ ವಾಚಕರಿಗೆ ಹೊಸದಲ್ಲ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಸತಿ ಲಕ್ಕಮ್ಮ ಮೆಚ್ಚಲಿಲ್ಲ. ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದಳು. ದುಡಿಮೆಗೆ ಶ್ರದ್ಧೆ ಎಷ್ಟು ಮುಖ್ಯವೋ ಮಿತಿಯೂ ಅಷ್ಟೇ ಮುಖ್ಯವೆಂಬುದನ್ನು ಆ ತಾಯಿ ಕಂಡಿದ್ದಳು. ಕಾಯಕ ಎಂಬ ಪದದೊಳಗೆ ಕಾಯವಿದೆ. ಕಾಯವನ್ನು ಸವೆಸಿ ಮುಗಿಸುವ ದುಡಿಮೆಗೆ ಆ ಹೆಸರು ಸಲ್ಲದು.

ಹಾಗಾದರೆ ಬರೆಯಬೇಕಾದ ಪುಸ್ತಕ ಯಾವುದು? ಅದು ಉಪದೇಶದಿಂದಲ್ಲ, ವಿಚಾರಣೆಯಿಂದ ಆರಂಭವಾಗಬೇಕು: ನಿನ್ನ ದಿನದಲ್ಲಿ ನಿನ್ನ ಕೈಯಲ್ಲಿರುವ ಹೊತ್ತು ಎಷ್ಟು, ಮಗ್ಗದ ಕೈಯಲ್ಲಿರುವುದು ಎಷ್ಟು, ಸಾಲಗಾರನ ಕೈಯಲ್ಲಿರುವುದು ಎಷ್ಟು? ಕೈಯಲ್ಲಿರುವುದಕ್ಕೆ ಅಭ್ಯಾಸವನ್ನು ಹೇಳಬೇಕು. ಹಳೆಯ ಹಾಸಿನ ಎಳೆಗೆ ಹೊಸ ಹಾಸಿನ ಎಳೆಯನ್ನು ಒಂದೊಂದಾಗಿ ಕೆಚ್ಚುವಾಗ ಮಗ್ಗ ನಿಂತಿರುತ್ತದೆ. ಲಾಳಿಯ ಸದ್ದಿನಿಂದ ಕಿವಿಗೆ ಬಿಡುವು ಸಿಗುವ ಆ ಹೊತ್ತಿನಲ್ಲಿ, ಕೆಚ್ಚುವ ಕೆಲಸದ ನಡುನಡುವೆ ಎದ್ದು ಬೆನ್ನು ಕತ್ತುಗಳನ್ನು ಸಡಿಲಿಸುವ ಬಗೆಯನ್ನು ಹೇಳಬಹುದು. ಕಿವಿಗೆ ಹತ್ತಿಯಲ್ಲ, ತಕ್ಕ ರಕ್ಷೆಯೇ ಬೇಕೆಂದು ಹೇಳಬಹುದು. ಕಂಡಿಕೆ ಸುತ್ತುವವಳ ಆಸನದ ಎತ್ತರವನ್ನು ಕುರಿತು ಒಂದು ಚಿತ್ರ ಹಾಕಿದರೆ ಹತ್ತು ಪುಟದ ಬೋಧೆಗಿಂತ ಮೇಲು. ಕೈಯಲ್ಲಿಲ್ಲದುದರ ವಿಷಯದಲ್ಲಿ, ಅದನ್ನು ಒಬ್ಬನೇ ಗೆಲ್ಲಲಾರೆ, ಕೂಡಿ ಕೇಳಬೇಕು, ಕೂಲಿಯ ದರವೂ ವಾರದ ರಜೆಯೂ ಆರೋಗ್ಯದ ವಿಷಯಗಳೇ ಎಂದು ಸ್ಪಷ್ಟವಾಗಿ ಹೇಳುವ ಧೈರ್ಯ ಅದಕ್ಕಿರಬೇಕು. ಮನೆಗೆಲಸದ ಅಧ್ಯಾಯವನ್ನು ಹೆಂಗಸರಿಗಲ್ಲ, ಗಂಡಸರಿಗೆ ಬರೆಯಬೇಕು.

ಈ ವಿಮರ್ಶೆ ಪುಸ್ತಕ ಬರೆಯುವವರಿಗಷ್ಟೇ ಅಲ್ಲ, ಶಿಬಿರ ನಡೆಸುವವರಿಗೂ ಸಲ್ಲುತ್ತದೆ. ಮಠಮಾನ್ಯಗಳೂ ಅದಕ್ಕೆ ಹೊರತಲ್ಲ. 2015ರಿಂದ ವರ್ಷ ವರ್ಷ ಜೂನ್ 21ರಂದು ಯೋಗ ದಿನಾಚರಣೆ ನಡೆಯುತ್ತಿದೆ. ಬೆಳಗಿನ ಆರು ಗಂಟೆಗೆ ಮೈದಾನದಲ್ಲಿ ಸಾಲಾಗಿ ಕೂತವರನ್ನು ನೋಡಿದರೆ ಸಂತೋಷವಾಗುತ್ತದೆ. ಆದರೆ ರಾತ್ರಿಯ ಪಾಳಿ ಮುಗಿಸಿದವನು ಆಗ ಮಲಗಲು ಹೊರಟಿರುತ್ತಾನೆ. ಹೆಣ್ಣುಮಗಳು ನೀರು ತುಂಬುತ್ತಿರುತ್ತಾಳೆ. ಆ ಸಾಲಿನಲ್ಲಿ ಯಾರು ಇದ್ದಾರೆಂದು ಎಣಿಸುವುದರ ಜೊತೆಗೆ ಯಾರು ಇಲ್ಲವೆಂದೂ ಎಣಿಸಬೇಕು. ನೇಕಾರನಿಗೆ ಬಿಡುವಾದಾಗ ಬಾಗಿಲು ತೆರೆದಿರುವ ಒಂದು ಸಭಾಂಗಣ, ಅವನ ಬೀದಿಗೇ ಬಂದು ರಕ್ತದೊತ್ತಡ ನೋಡುವ ಒಬ್ಬ ದಾದಿ, ಇವು ದೊಡ್ಡ ಮಾತುಗಳಲ್ಲ; ಆದರೆ ದೊಡ್ಡ ಪುಸ್ತಕಗಳು ಮರೆತ ಮಾತುಗಳು.

ಹೊತ್ತಗೆ ಎಂಬ ನಮ್ಮ ಮಾತಿನಲ್ಲಿ ಹೊತ್ತು ಎಂಬ ಧ್ವನಿ ಕೇಳಿಬರುತ್ತದೆ. ಅದು ಕಿವಿಗೆ ತೋರುವ ಸಾಮ್ಯವಷ್ಟೇ ಇರಬಹುದು. ಆದರೂ ಆರೋಗ್ಯದ ಹೊತ್ತಗೆ ಬರೆಯುವವರು ಲೇಖನಿ ಹಿಡಿಯುವ ಮುನ್ನ ಓದುಗನ ಹೊತ್ತನ್ನು ಒಮ್ಮೆ ಕೇಳಿ ತಿಳಿಯಲಿ.